ಹದಿನೈದನೆಯ ನಂಬರು

ನಮ್ಮ ಕೊಟ್ಟಿಗೆಯಲ್ಲಿ ಆಗ ಇದ್ದದ್ದು ಹದಿನಾಲ್ಕು ಆಕಳು. ಒಂಬತ್ತು ಹಾಲು ಕೊಡುವವು, ಮೂರು ಗಬ್ಬದವು, ಎರಡು ಇನ್ನೂ ಕರು ಹಾಕದ ಮಣಕಗಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆ ಬೇಸಿಗೆಯಲ್ಲಿ ಬೆರಳು ಮಡಚಿ ಮಡಚಿ ನಾನು ಅವನ್ನು ಎಷ್ಟು ಸಲ ಎಣಿಸಿದೆನೋ ತಿಳಿಯದು. ಎಣಿಸಿದಾಗಲೆಲ್ಲ ಹದಿನಾಲ್ಕೇ ಬರುತ್ತಿತ್ತು.

ಮಮದಾಪುರದಲ್ಲಿ ನಮ್ಮ ಮನೆ ಊರ ಅಂಚಿಗಿದೆ. ಮುಂದೆ ಮನೆ, ನಡುವೆ ಅಂಗಳ, ಹಿಂದೆ ತಗಡು ಹೊದಿಸಿದ ಕೊಟ್ಟಿಗೆ. ಮಗಳ ಮದುವೆಯಾದ ಮೇಲೆ ಮನೆಯಲ್ಲಿ ಉಳಿದವರು ಮೂವರು: ನಾನು, ನಮ್ಮ ಯಜಮಾನರು, ಅತ್ತೆ. ನಾನು ಊರ ಅಂಗನವಾಡಿಯಲ್ಲಿ ಟೀಚರು. ಬೆಳಿಗ್ಗೆ ಹಾಲು ಹಿಂಡಿ, ರೊಟ್ಟಿ ಬಡಿದಿಟ್ಟು ಹೊರಟರೆ ತಿರುಗಿ ಬರುವುದು ಸಂಜೆ ನಾಲ್ಕರ ಮೇಲೆ. ಯಜಮಾನರು ಹಾಲನ್ನು ಡೇರಿಗೆ ಹಾಕಿ, ಹಾಗೇ ಹೊಲಕ್ಕೆ ಹೋದರೆ ಅವರದೂ ಅದೇ ಹೊತ್ತು. ಎಪ್ಪತ್ತು ದಾಟಿದ ಅತ್ತೆ ಮೊಣಕಾಲು ನೋವಿಗೆ ಕೊಟ್ಟಿಗೆಯ ಕೆಲಸವನ್ನೆಲ್ಲ ಬಿಟ್ಟು ಒಂದು ವರ್ಷವಾಗಿತ್ತು. ನಡುಮಧ್ಯಾಹ್ನ ಅವರು ಊಟ ಮಾಡಿ ನಡುಮನೆಯಲ್ಲಿ ಮಲಗುತ್ತಾರೆ ಎಂದು ನಾವಿಬ್ಬರೂ ತಿಳಿದಿದ್ದೆವು.

ಕ್ಯಾಮೆರಾ ಬಂದದ್ದು ಸಂಕ್ರಾಂತಿ ಮುಗಿದ ಮೇಲೆ. ಯಾವುದೋ ಒಂದು ಸಣ್ಣ ಕಂಪನಿಯವರು ಪರೀಕ್ಷೆಗೆಂದು ನಮ್ಮ ಸುತ್ತಿನ ನಾಲ್ಕೈದು ಕೊಟ್ಟಿಗೆಗಳಲ್ಲಿ ಪುಕ್ಕಟೆ ಹಾಕಿಕೊಡುವವರಿದ್ದರು. ಅವರ ಪರವಾಗಿ ಗೋಕಾಕದಿಂದ ಬಂದವರು ಐವತ್ತರ ಹತ್ತಿರದ ಒಬ್ಬ ಸಾಬರು. ಬಿಳಿ ಟೊಪ್ಪಿಗೆ, ಕಿವಿಯ ಹಿಂದೆ ಪೆನ್ಸಿಲ್ಲು, ಬೆನ್ನಿಗೆ ಲ್ಯಾಪ್‌ಟಾಪಿನ ಚೀಲ. ನಾವು ಅವರನ್ನು ಕಾಕಾ ಎಂದೇ ಕರೆದೆವು. ಅದಕ್ಕೂ ಮೊದಲು ಅವರು ಗೋಕಾಕದ ಬಂಗಾರದ ಅಂಗಡಿಗಳಿಗೆ ಕ್ಯಾಮೆರಾ ಕೂಡಿಸುತ್ತಿದ್ದರಂತೆ.

"ಇಷ್ಟ ವರ್ಷ ಕಳ್ಳರನ್ನ ಕಾಯ್ದ್ನಿರಿ ಟೀಚರ, ಇನ್ನ ದನಾ ಕಾಯತೇನಿ" ಎಂದು ನಕ್ಕು ಏಣಿ ಹತ್ತಿದರು.

ಗ್ವಾದಲಿ, ಅಂದರೆ ದನಗಳಿಗೆ ಮೇವು ಹಾಕುವ ಉದ್ದನೆಯ ಕಟ್ಟೆ, ಅದರ ನೆತ್ತಿಗೆ ಸರಿಯಾಗಿ ಮೂರು ಕಡೆ ಕಬ್ಬಿಣದ ಪೈಪಿಗೆ ಮೂರು ಕ್ಯಾಮೆರಾ ಬಿಗಿದರು. ಪ್ರತಿಯೊಂದಕ್ಕೂ ಎರಡು ಕಣ್ಣು. ದನ ಮೇಯಲು ಬಂದು ನಿಂತಾಗ ಅದರ ಬೆನ್ನು ಎಷ್ಟು ಎತ್ತರಕ್ಕಿದೆ, ಎಷ್ಟು ಅಗಲವಿದೆ, ಹೊಟ್ಟೆ ಎಷ್ಟು ಉಬ್ಬಿದೆ ಎಂದು ಮೇಲಿನಿಂದಲೇ ಅಳೆದು ತೂಕ ಹೇಳುತ್ತದಂತೆ. ಎಷ್ಟು ನಿಮಿಷ ಮೇಯಿತು ಎನ್ನುವುದನ್ನೂ ಹೇಳುತ್ತದೆ. ಎಲ್ಲವೂ ನಮ್ಮ ಮೊಬೈಲಿಗೆ ಬರುತ್ತದೆ. ಯಾವ ದನ ಮೇವು ಬಿಟ್ಟಿತು, ಯಾವುದು ಸೊರಗುತ್ತಿದೆ ಎಂಬುದು ಮನುಷ್ಯರ ಕಣ್ಣಿಗೆ ಬೀಳುವ ನಾಲ್ಕು ದಿನ ಮೊದಲೇ ಗೊತ್ತಾಗುತ್ತದೆ ಎಂದರು ಕಾಕಾ.

ನಾನು ಒಂದೇ ಮಾತು ಕೇಳಿಕೊಂಡೆ. "ಕಾಕಾ, ನಾ ಅಲ್ಲೇ ಸೆಗಣಿ ಬಳೀತೇನಿ, ಹಾಲ ಹಿಂಡತೇನಿ. ಅಲ್ಲೇ ಬಚ್ಚಲನೂ ಐತಿ. ಫೋಟೋ ಗೀಟೋ ಬ್ಯಾಡ್ರಿ."

"ಫೋಟೋ ಬರೂದ ಇಲ್ಲ್ರಿ. ಬರೇ ಆಕಾರ. ನೋಡ್ರಿಲ್ಲೆ" ಎಂದು ಲ್ಯಾಪ್‌ಟಾಪು ತಿರುಗಿಸಿದರು.

ಕಪ್ಪು ಪರದೆಯ ಮೇಲೆ ಬೂದಿ ಬಣ್ಣದ ಉದ್ದುದ್ದ ಗುಡ್ಡೆಗಳು. ಮೇಲೆ ಇದ್ದದ್ದು ಬೆಳ್ಳಗೆ, ಕೆಳಗೆ ಇಳಿದಷ್ಟೂ ಕಪ್ಪು. ಕಣ್ಣಿಲ್ಲ, ಬಣ್ಣವಿಲ್ಲ, ಕಿವಿ ಮಾತ್ರ ಎಲೆಯಂತೆ ಅಲುಗುತ್ತಿದ್ದವು. ನಾನು ಹುಟ್ಟಿದಾಗಿನಿಂದ ದನಗಳ ನಡುವೆ ಬದುಕಿದವಳು. ಆದರೂ ಆ ಹೊತ್ತು ನಮ್ಮ ಒಂದು ಆಕಳನ್ನೂ ನಾನು ಗುರುತು ಹಿಡಿಯಲಿಲ್ಲ. ನೀರಿನ ಅಡಿಯಲ್ಲಿ ಏನೋ ನಿಂತು ಉಸಿರಾಡುತ್ತಿರುವಂತೆ ಕಂಡಿತು. ನಿಂತ ಮನುಷ್ಯರು ಮೇಲಿನಿಂದ ಬರೀ ಒಂದು ತಲೆ, ಎರಡು ಭುಜ. ಅಂಥದ್ದನ್ನು ಯಂತ್ರ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅದಕ್ಕೆ ಬೇಕಾದದ್ದು ಅಡ್ಡಕ್ಕಿರುವ ಬೆನ್ನು ಎಂದು ಕಾಕಾ ವಿವರಿಸಿದರು.

ಯಂತ್ರಕ್ಕೆ ಕಲಿಸಬೇಕಾದರೆ ದನಗಳ ಖರೆ ತೂಕ ಒಮ್ಮೆ ಗೊತ್ತಾಗಬೇಕಿತ್ತು. ಕಬ್ಬಿನ ಗಾಡಿ ತೂಗುವ ಕಾಟಾದ ಮೇಲೆ ಒಂದೊಂದನ್ನೇ ಹೊಡೆದುಕೊಂಡು ಹೋಗಿ ತೂಗಿಸಿಕೊಂಡು ಬಂದೆವು. ಆ ದಿನ ಅತ್ತೆ ಬಾಗಿಲಲ್ಲೇ ಕುಳಿತಿದ್ದರು. ಅವರ ಬೆನ್ನು ಬಾಗಿ ಹೋಗಿದ್ದರಿಂದ ಯಾರನ್ನಾದರೂ ನೋಡಬೇಕಾದರೆ ಕತ್ತನ್ನು ಓರೆ ಮಾಡಿ ನೋಡುತ್ತಿದ್ದರು.

"ಜೀವ ಇದ್ದದ್ದನ್ನ ತೂಗಬಾರ್ದವಾ. ತೂಗಿದ್ದು ಕರಗತೈತಿ" ಎಂದರು.

"ನಾ ತಿಂಗಳಾ ಊರ ಹುಡುಗೂರನ್ನೆಲ್ಲಾ ತೂಗಾಕತ್ತಿಲ್ಲೇನ್ರಿ ಅತ್ತಿ?" ಎಂದೆ.

"ಅದಕ್ಕ ಅವು ಹಂಗ ಅದಾವು" ಎಂದು ಸೆರಗು ತಲೆಯ ಮೇಲೆ ಎಳೆದುಕೊಂಡು ಒಳಗೆ ಹೋದರು. ನಾವು ಗಂಡ ಹೆಂಡತಿ ನಕ್ಕೆವು.

ಮೊದಲ ತಿಂಗಳು ಯಂತ್ರ ಹೇಳಿದ್ದೆಲ್ಲ ಸರಿಯಿತ್ತು. ಮೂರನೆಯ ನಂಬರಿನ ಆಕಳು ಮೇವು ಕಡಿಮೆ ಮಾಡಿದೆ ಎಂದು ಸೂಚನೆ ಬಂತು. ನೋಡಿದರೆ ಖರೆ, ಬಾಯಲ್ಲಿ ಹುಣ್ಣು. ಯಜಮಾನರಿಗಂತೂ ಅದರ ಹುಚ್ಚೇ ಹಿಡಿಯಿತು. ಹೊಲದ ಬದುವಿನ ಮೇಲೆ ಕುಳಿತು ಮೊಬೈಲಿನಲ್ಲಿ ದನ ನೋಡುವುದು. ಏಳನೆಯ ನಂಬರಿನ ಬಗ್ಗೆ ಮಾತ್ರ ನಮಗಿಬ್ಬರಿಗೂ ಒಂದು ಕಳವಳವಿತ್ತು. ಅದು ದೀಪಾವಳಿಯ ಹಿಂದೆ ಹೆಣ್ಣು ಕರು ಹಾಕಿತ್ತು. ಕರು ಇಪ್ಪತ್ತು ದಿನ ಬದುಕಿ ಸತ್ತಿತು. ಹೊಲದ ಅಂಚಿನ ಬನ್ನಿಗಿಡದ ಬುಡಕ್ಕೆ ಹುಗಿದೆವು. ಆಮೇಲೆ ತುಂಬ ದಿನ ಅದು ಹಿಂಡುವಾಗ ಹಾಲನ್ನು ಮೇಲಕ್ಕೆ ಎಳೆದುಕೊಳ್ಳುತ್ತಿತ್ತು. ಕತ್ತು ತಿರುಗಿಸಿ ಖಾಲಿ ಜಾಗ ನೋಡುತ್ತ ನಿಲ್ಲುತ್ತಿತ್ತು.

ಶಿವರಾತ್ರಿಯಾಗಿ ಕೆಲವು ದಿನಗಳಾಗಿದ್ದವು. ಅಂಗನವಾಡಿಯಲ್ಲಿ ಮಕ್ಕಳಿಗೆ ಉಣ್ಣಿಸಿ ಮಲಗಿಸಿ ಮೊಬೈಲು ತೆಗೆದೆ. ಸಾಲಾಗಿ ಹದಿನಾಲ್ಕು ನಂಬರುಗಳು ಇರಬೇಕಾದ ಕಡೆ ಕೊನೆಗೆ ಇನ್ನೊಂದು ಸೇರಿತ್ತು. ಹದಿನೈದು. ಹೊಸ ಪ್ರಾಣಿ. ತೂಕ ನಲವತ್ತೊಂದು ಕಿಲೋ. ಗ್ವಾದಲಿಯ ಬಳಿ ಇದ್ದದ್ದು ಇಪ್ಪತ್ತಾರು ನಿಮಿಷ.

ಯಜಮಾನರಿಗೆ ಫೋನು ಮಾಡಿ, "ಕರಾ ತಂದೀರೇನ್ರಿ?" ಎಂದೆ.

"ಯಾವ ಕರಾ? ನಾ ಹೊಲದಾಗ ಅದೇನಿ."

ಊರಿನ ಯಾರದೋ ಬಿಟ್ಟ ಕರು ಒಳಹೊಕ್ಕಿರಬೇಕು ಅಂದುಕೊಂಡೆವು. ಸಂಜೆ ಬಂದು ನೋಡಿದರೆ ಹಿಂದಿನ ಗೇಟಿನ ಅಗಳಿ ಹಾಕಿದ್ದು ಹಾಕಿದ ಹಾಗೇ ಇತ್ತು. ಸೆಗಣಿಯ ಗುರುತಿಲ್ಲ, ಗೊರಸಿನ ಗುರುತಿಲ್ಲ. ಮರುದಿನ ಅದೇ ಹೊತ್ತಿಗೆ ಹದಿನೈದು ಮತ್ತೆ ಬಂತು. ಅದರ ಮರುದಿನವೂ ಬಂತು. ಕಾಕಾಗೆ ಹೇಳಿದೆವು. ಅವರು ಗೋಕಾಕದಲ್ಲಿ ಕುಳಿತೇ ಆ ನಂಬರನ್ನು ಅಳಿಸಿ ಹಾಕಿದರು. ಮರುದಿನ ಮಧ್ಯಾಹ್ನ ಯಂತ್ರ ಅದನ್ನು ಹೊಸದಾಗಿ ಕಂಡು, ಹೊಸದಾಗಿ ಹದಿನೈದು ಎಂದು ಬರೆದುಕೊಂಡಿತು.

ಒಂದು ವಾರದಲ್ಲಿ ಕಾಕಾ ತಾವೇ ಬಂದರು. ನಾನೂ ರಜೆ ಹಾಕಿದ್ದೆ. ಏಣಿ ಹತ್ತಿ ಕ್ಯಾಮೆರಾದ ಕಣ್ಣು ಒರೆಸಿದರು, ಜೇಡರ ಬಲೆ ತೆಗೆದರು. ಅದರಿಂದ ಆಗಿರಬೇಕು ಎಂದು ಅವರಿಗೂ ಒಂದು ಆಸೆ ಇದ್ದಂತೆ ಕಂಡಿತು. ಆಮೇಲೆ ಅಂಗಳದ ಕಟ್ಟೆಯ ಮೇಲೆ ಲ್ಯಾಪ್‌ಟಾಪು ಇಟ್ಟು ಹಿಂದಿನ ದಿನಗಳ ಆಕಾರಗಳನ್ನು ಓಡಿಸಿದರು. ನಾವು ಮೂವರೂ ಬಗ್ಗಿ ನೋಡಿದೆವು.

ಖಾಲಿ ಗ್ವಾದಲಿ. ದನಗಳೆಲ್ಲ ಮಲಗಿ ಮೆಲುಕು ಹಾಕುವ ಹೊತ್ತು. ಎಲ್ಲ ಗುಡ್ಡೆಗಳೂ ತಗ್ಗಿನಲ್ಲಿ, ಕಪ್ಪಾಗಿ. ಏಳನೆಯ ನಂಬರು ಒಂದೇ ಎದ್ದು ನಿಂತಿತು. ಎದ್ದು ಗ್ವಾದಲಿಗೆ ಬಂದು ಕಾಯುತ್ತ ನಿಂತಿತು. ಸ್ವಲ್ಪ ಹೊತ್ತಿಗೆ ಪರದೆಯ ಅಂಚಿನಿಂದ ಒಂದು ಸಣ್ಣ ಬೆನ್ನು ನಿಧಾನವಾಗಿ ಒಳಬಂತು. ಗಿಡ್ಡನೆಯದು, ಕಿರಿದಾದದ್ದು. ಒಂದೆರಡು ಹೆಜ್ಜೆ ಹಾಕುವುದು, ನಿಲ್ಲುವುದು. ಬಂದು ಏಳನೆಯ ನಂಬರಿನ ಕತ್ತಿನ ಕೆಳಗೆ ತಲೆ ಹಾಕಿ ನಿಂತಿತು. ಆಕಳು ತಲೆ ಇಳಿಸಿತು. ಅದರ ತಲೆ ಆ ಸಣ್ಣ ಬೆನ್ನಿನ ಮೇಲೆ ಹಿಂದಕ್ಕೂ ಮುಂದಕ್ಕೂ ಆಡಿತು.

"ನೆಕ್ಕಾಕತ್ತೇತಿ" ಎಂದರು ಯಜಮಾನರು. ಅವರ ದನಿ ಇಳಿದು ಹೋಗಿತ್ತು.

ಕಾಕಾ ಲ್ಯಾಪ್‌ಟಾಪು ಮುಚ್ಚಿದರು. ಬಿಸಿಲು ಅಂಗಳದಲ್ಲಿ ಕಣ್ಣು ಚುಚ್ಚುವಷ್ಟಿತ್ತು. ಆದರೂ ನಾನು ಸೆರಗನ್ನು ತೋಳಿಗೆ ಸುತ್ತಿಕೊಂಡೆ.

"ಮಷೀನದ ತಪ್ಪೇನ್ರಿ ಕಾಕಾ?" ಎಂದು ಕೇಳಿದೆ.

"ತಪ್ಪಾಗಿದ್ರ ಛಲೋ ಇತ್ತು ಟೀಚರ. ಮಷೀನಕ್ಕ ಭೂತ ಗೊತ್ತಿಲ್ಲ, ದೇವ್ರ ಗೊತ್ತಿಲ್ಲ. ಎದುರಿಗಿ ಬಂದದ್ದನ್ನ ಅಷ್ಟ ಹೇಳತೈತಿ. ಏನೋ ಒಂದ ಬರಾಕತ್ತೇತಿ ಖರೆ."

ಹೊರಡುವಾಗ ಅವರು ಗ್ವಾದಲಿಯ ಮುಂದಿನಿಂದ ಹೋಗಲಿಲ್ಲ. ಕೊಟ್ಟಿಗೆಯ ಹೊರಗಿನಿಂದ ಸುತ್ತಿ, ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತ ಗೇಟಿಗೆ ಹೋದರು.

ಅಂದು ನಾವು ಮೂವರೂ ಅಂಗಳದಲ್ಲಿ ಇದ್ದೆವು. ಅಂದು ಹದಿನೈದು ಬರಲಿಲ್ಲ. ಮರುದಿನ ಯಜಮಾನರು ಹೊಲಕ್ಕೆ ಹೋಗದೆ, ಕೊಟ್ಟಿಗೆಯ ಮೂಲೆಯಲ್ಲಿ ಹಿಂಡಿಯ ಚೀಲಗಳ ಪಕ್ಕ ಕುಳಿತು ಕಾಯ್ದರು. ಬರಲಿಲ್ಲ. ಅವರು ಹೊಲಕ್ಕೆ ಹೋದ ದಿನ ಬಂತು. ಮನುಷ್ಯರಿದ್ದರೆ ಬರುವುದಿಲ್ಲ ಎಂಬುದು ಖಾತ್ರಿಯಾದ ಮೇಲೆ ಅವರು ಮಾತು ಕಡಿಮೆ ಮಾಡಿದರು. ಬನ್ನಿಗಿಡದ ಕಡೆಯ ಹೊಲಕ್ಕೆ ನೀರು ಬಿಡುವುದಕ್ಕೆ ಹೋದರೆ ಬೇಗ ಬಂದುಬಿಡುತ್ತಿದ್ದರು.

"ಅವ್ವಗ ಹೇಳಬ್ಯಾಡ. ಒಬ್ಬಾಕಿನ ಮನ್ಯಾಗ ಇರತಾಳ, ಅಂಜತಾಳ" ಎಂದರು. ನಾನು ಹೇಳಲಿಲ್ಲ.

ಯಜಮಾನರು ನಿಡಸೋಸಿಯ ಮಠಕ್ಕೆ ಹೋಗಿ ವಿಭೂತಿ ತಂದು ಗ್ವಾದಲಿಯ ಕಂಬಗಳಿಗೆ ದಪ್ಪನೆ ಬಳಿದರು. ಮರುದಿನ ಸಂಜೆ ನಾನು ಕಸ ಹೊಡೆಯುವಾಗ ನೋಡಿದೆ: ಏಳನೆಯ ನಂಬರು ನಿಲ್ಲುವ ಕಡೆಯ ಕಂಬದ ಮೇಲೆ, ನನ್ನ ಸೊಂಟದ ಎತ್ತರಕ್ಕೆ, ವಿಭೂತಿ ಮೂರು ಗೆರೆಯಾಗಿ ಒರೆಸಿ ಹೋಗಿತ್ತು. ಮೂರು ಬೆರಳಿಟ್ಟು ಎಳೆದ ಹಾಗೆ. ನಾನು ಸೆರಗಿನಿಂದ ಪೂರ್ತಿ ಒರೆಸಿಬಿಟ್ಟೆ. ಯಜಮಾನರಿಗೆ ತಿಳಿಸಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಅದು ಬರುವುದಲ್ಲ, ಅದರ ತೂಕ. ಅಂಗನವಾಡಿಯಲ್ಲಿ ಪ್ರತಿ ಮಗುವಿಗೂ ಒಂದು ತೂಕದ ಕಾರ್ಡಿರುತ್ತದೆ. ತಿಂಗಳು ತಿಂಗಳು ಚುಕ್ಕೆ ಇಟ್ಟು ಗೆರೆ ಕೂಡಿಸಬೇಕು. ಗೆರೆ ಮೇಲೆ ಹೋದರೆ ಸುಮ್ಮನಿರುತ್ತೇವೆ. ಸಮನಾಗಿ ಹೋದರೆ ತಾಯಿಯನ್ನು ಕರೆದು ಮಾತಾಡುತ್ತೇವೆ. ಕೆಳಗೆ ಇಳಿದರೆ ಅಂದೇ ದವಾಖಾನೆ. ಇಪ್ಪತ್ತು ವರ್ಷ ಅದನ್ನೇ ಮಾಡಿದ ಕೈ ನನ್ನದು. ಹದಿನೈದರ ಗೆರೆ ನಲವತ್ತೊಂದರಿಂದ ನಲವತ್ತಕ್ಕೆ, ಮೂವತ್ತೊಂಬತ್ತಕ್ಕೆ, ಯುಗಾದಿಯ ಹೊತ್ತಿಗೆ ಮೂವತ್ತೇಳೂವರೆಗೆ ಇಳಿದಿತ್ತು. ಸತ್ತ ಕರು ಮಣ್ಣಿನೊಳಗೆ ದಿನದಿನಕ್ಕೆ ಕರಗುತ್ತಿದೆ, ಇಲ್ಲಿ ಅದರ ಲೆಕ್ಕ ಬರುತ್ತಿದೆ ಎಂಬ ಒಂದು ಆಲೋಚನೆ ಒಮ್ಮೆ ಮೂಡಿತು. ಮೂಡಿದ್ದು ಮತ್ತೆ ಹೋಗಲೇ ಇಲ್ಲ. ಹಾಲು ಹಿಂಡುವಾಗ ಏಳನೆಯ ನಂಬರಿನ ಕಣ್ಣು ತಪ್ಪಿಸಿ ಹಿಂಡಿದೆ. ಆಕಳಿನ ಹತ್ತಿರ ಮಾತ್ರ ಯಾವ ಬದಲಾವಣೆಯೂ ಇರಲಿಲ್ಲ. ಅದು ಈಗ ಹಾಲು ಎಳೆದುಕೊಳ್ಳುತ್ತಿರಲಿಲ್ಲ. ಕತ್ತು ತಿರುಗಿಸಿ ಖಾಲಿ ಜಾಗ ನೋಡುತ್ತಿರಲಿಲ್ಲ. ಏನೋ ಸಿಕ್ಕವರಂತೆ ತಣ್ಣಗಿತ್ತು.

ಬೇಸಿಗೆ ಏರಿತು. ಬೆಲ್ಲದ ಬಾಗೇವಾಡಿ ನನ್ನ ತವರೂರು. ಅಲ್ಲಿ ನನ್ನ ಅಣ್ಣನ ಮಗಳಿಗೆ ಏಳು ತಿಂಗಳು ತುಂಬಿ ಕುಬುಸದ ಕಾರ್ಯ ಇಟ್ಟಿದ್ದರು. ಎರಡು ದಿನಕ್ಕೆಂದು ನಾನು ಹೋದೆ. ಯಜಮಾನರು ಅಂದು ಮಣಕ ನೋಡಲು ಮೂಡಲಗಿಯ ಸಂತೆಗೆ ಹೋಗುವವರಿದ್ದರು. ಅತ್ತೆಗೆ ಎರಡು ರೊಟ್ಟಿ, ಬೇಳೆ ಪಲ್ಲೆ, ಮೊಸರು ಮುಚ್ಚಿಟ್ಟು ಬಂದಿದ್ದೆ.

ಅಣ್ಣನ ಮನೆಯ ಪಡಸಾಲೆಯಲ್ಲಿ ಹೆಂಗಸರು ಬಸುರಿ ಹುಡುಗಿಯನ್ನು ನಡುವೆ ಕೂಡಿಸಿ ಉಡಿ ತುಂಬುತ್ತಿದ್ದರು. ಹಾಡು, ನಗು, ಹೋಳಿಗೆಯ ವಾಸನೆ. ನಾನು ಗೋಡೆಗೆ ಒರಗಿ ಕುಳಿತಿದ್ದೆ. ಹೊತ್ತು ಒಂದೂವರೆ. ಕೈ ತಾನೇ ಮೊಬೈಲು ತೆಗೆಯಿತು. ಹದಿನೈದು ಬಂದಿತ್ತು. ಆ ಹೊತ್ತಿಗಾಗಲೇ ಕಾಕಾ ನನ್ನ ಮೊಬೈಲಿಗೂ ಆಕಾರಗಳು ಕಾಣುವಂತೆ ಮಾಡಿಕೊಟ್ಟಿದ್ದರು. ಒತ್ತಿ ನೋಡಿದೆ. ಅದೇ ಸಣ್ಣ ಬೆನ್ನು, ಅದೇ ಕಡೆ. ತೂಕ ಮೂವತ್ತನಾಲ್ಕು.

ಮನೆಯಲ್ಲಿ ಅತ್ತೆ ಒಬ್ಬರೇ. ಕೊಟ್ಟಿಗೆಗೂ ಅವರು ಮಲಗುವ ಕೋಣೆಗೂ ನಡುವೆ ಒಂದು ಅಂಗಳ ಅಷ್ಟೇ. ಮೊದಲ ಸಲ ನನಗೆ ಅವರ ಬಗ್ಗೆ ಭಯವಾಯಿತು. ಅವರ ಹತ್ತಿರ ಒಂದು ಗುಂಡಿಯ ಫೋನಿತ್ತು, ಅದನ್ನು ಎಲೆಯಡಿಕೆಯ ಚೀಲದಲ್ಲಿಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದರು. ಹಿತ್ತಲಿಗೆ ಎದ್ದು ಹೋಗಿ ಫೋನು ಹಚ್ಚಿದೆ.

ಅಲ್ಲಿ ಗಂಟೆ ಬಾರಿಸುವ ಸದ್ದು ಕೇಳಿತು. ಆಮೇಲೆ ಎತ್ತಿದರು.

"ಅತ್ತಿ, ಊಟ ಆತೇನ್ರಿ?"

"ಆತವಾ. ಎರಡೂ ರೊಟ್ಟಿ ಉಂಡ್ನಿ. ಪಲ್ಲೆ ಛಲೋ ಆಗಿತ್ತು."

"ಎಲ್ಲದೀರಿ?"

"ಎಲ್ಲಿರಲಿ? ನಡುಮನ್ಯಾಗ ಮಲಗೇನಿ."

ಅವರ ದನಿಯ ಹಿಂದೆ, ಫೋನಿಗೆ ತೀರ ಹತ್ತಿರದಲ್ಲಿ, ಏನೋ ಮುರಿಯಿತು. ಕಟಕ್. ಒಣಗಿದ ಜೋಳದ ರೊಟ್ಟಿ ಹಲ್ಲಿಗೆ ಸಿಕ್ಕು ಮುರಿಯುವ ಸದ್ದು. ಅದರ ಹಿಂದೆಯೇ ದೊಡ್ಡದೊಂದು ಒದ್ದೆ ಉಸಿರು, ಆಮೇಲೆ ನಿಧಾನವಾಗಿ ದವಡೆ ಆಡಿಸುವ ಸದ್ದು. ಹುಟ್ಟಿದಾಗಿನಿಂದ ಕೇಳಿದ ಸದ್ದು ಅದು. ನಾನು ಫೋನನ್ನು ಕಿವಿಯಿಂದ ತೆಗೆದು ಪರದೆ ನೋಡಿದೆ. ಆ ಸಣ್ಣ ಬೆನ್ನಿನ ಪಕ್ಕದಿಂದ ತೆಳ್ಳನೆಯ ಒಂದು ಗೆರೆ ಚಾಚಿಕೊಂಡಿತ್ತು. ಕೈ. ಆ ಕೈಯ ತುದಿಯಲ್ಲಿ ಏಳನೆಯ ನಂಬರಿನ ಬಾಯಿತ್ತು. ಇನ್ನೊಂದು ಕೈ ಮಡಚಿ ತಲೆಯ ಬದಿಗೆ ಹೋಗಿತ್ತು, ಕಿವಿಗೆ ಫೋನು ಹಿಡಿದವರಂತೆ.

"ಅತ್ತಿ" ಎಂದೆ.

"ಹೂಂ?"

"ಮಲಕ್ಕೋರಿ" ಎಂದು ಇಟ್ಟೆ.

ಭೂತದ ಭಯ ಆ ಕ್ಷಣಕ್ಕೆ ಹೋಯಿತು. ಅದರ ಜಾಗಕ್ಕೆ ಬಂದದ್ದು ಅದಕ್ಕಿಂತ ಕೆಟ್ಟದ್ದು. ಎರಡೂವರೆ ತಿಂಗಳಲ್ಲಿ ನಲವತ್ತೊಂದರಿಂದ ಮೂವತ್ತನಾಲ್ಕಕ್ಕೆ ಇಳಿದ ಆ ಗೆರೆ ಯಾರದು ಎಂದು ಈಗ ನನಗೆ ಗೊತ್ತಿತ್ತು. ಒಂದೊಂದೇ ನೆನಪಾಗತೊಡಗಿತು. ಬೆಳಿಗ್ಗೆ "ಆಮ್ಯಾಲ ಉಣತೇನಿ", ಸಂಜೆ "ಮಧ್ಯಾಹ್ನದ್ದು ಇನ್ನಾ ಹೊಟ್ಯಾಗ ಐತಿ". ಮೊಣಕೈವರೆಗೆ ಏರಿ ಕೂತ ಬಳೆಗಳು. ಕುಪ್ಪಸದ ತೋಳು ಜೋಲುವುದನ್ನು ನೋಡಿ "ಅಗಸರವ ಹಿಗ್ಗಿಸ್ಯಾನೇನು" ಎಂದು ನಾನೇ ಅಂದಿದ್ದೆ. ಊರ ಮಕ್ಕಳನ್ನೆಲ್ಲ ತಿಂಗಳು ತಿಂಗಳು ತೂಗುವವಳು ನಾನು. ನನ್ನ ಮನೆಯೊಳಗಿನ ಗೆರೆ ನನ್ನ ಕೈಯಲ್ಲೇ ಇತ್ತು. ಅದನ್ನು ಸತ್ತ ಕರುವಿನದೆಂದು ಓದಿದ್ದೆ.

ಉಡಿ ತುಂಬುವುದು ಮುಗಿಯುವ ಮೊದಲೇ ಎದ್ದೆ. ಹುಕ್ಕೇರಿಗೆ ಬಂದು, ಅಲ್ಲಿಂದ ಗೋಕಾಕದ ಬಸ್ಸು ಹಿಡಿದು, ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಯಜಮಾನರು ಸಂತೆಯಿಂದ ಬಂದಿರಲಿಲ್ಲ. ಅತ್ತೆ ನಡುಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ನನ್ನನ್ನು ನೋಡಿ ಎದ್ದು ಕುಳಿತರು.

"ಯಾಕವಾ, ನಾಳಿ ಬರತೇನಿ ಅಂದಿದ್ದಿ?"

ಹತ್ತಿರ ಹೋಗಿ, ಅಂಗನವಾಡಿಯಲ್ಲಿ ಮಕ್ಕಳನ್ನು ತೂಗಲು ಎತ್ತುತ್ತೇನಲ್ಲ ಹಾಗೆ, ಕಂಕುಳಲ್ಲಿ ಎರಡೂ ಕೈ ಹಾಕಿ ಎತ್ತಿದೆ. ಬಂದುಬಿಟ್ಟರು. ಅವರ ಕಾಲು ನೆಲ ಬಿಟ್ಟಿತು. ನನಗೆ ಮೂರು ತಿಂಗಳು ಬಾಣಂತನ ಮಾಡಿ, ನೀರಿನ ಹಂಡೆ ಒಬ್ಬರೇ ಇಳಿಸಿದ ಹೆಂಗಸು ನನ್ನ ಎರಡು ಅಂಗೈಗಳ ನಡುವೆ ತೂಗಾಡಿದರು. ನಾನು ಅಳತೊಡಗಿದೆ. ಅವರು ಅಳಲಿಲ್ಲ.

"ಇಳಸು. ಯಾರರ ನೋಡ್ಯಾರು" ಎಂದರು.

ಇಳಿಸಿ ಎದುರಿಗೆ ಕುಳಿತೆ. ಅವರು ಹೇಳಿದ್ದನ್ನು ಒಂದೊಂದೇ ಮಾತಿನಲ್ಲಿ ಎಳೆದು ತೆಗೆಯಬೇಕಾಯಿತು. ದೀಪಾವಳಿಯಾದ ಮೇಲೆ ರೊಟ್ಟಿ ಎದೆಯಲ್ಲಿ ಸಿಕ್ಕಿಕೊಳ್ಳತೊಡಗಿತ್ತು. ಮೊದಲು ನೀರು ಕುಡಿದರೆ ಇಳಿಯುತ್ತಿತ್ತು. ಶಿವರಾತ್ರಿಯ ಹೊತ್ತಿಗೆ ನೀರಿಗೂ ಜಗ್ಗಲಿಲ್ಲ. ಮೊಸರು, ಚಹಾ ಅಷ್ಟೇ ಇಳಿಯುತ್ತಿದ್ದವು. ರೊಟ್ಟಿ ಬುಟ್ಟಿಯಲ್ಲಿ ಉಳಿದರೆ ನಾನು ಕೇಳುತ್ತೇನೆಂದು ಮಧ್ಯಾಹ್ನ ನಾವಿಲ್ಲದ ಹೊತ್ತು ನೋಡಿ ಏಳನೆಯ ನಂಬರಿಗೆ ತಿನ್ನಿಸಿ ಬರುತ್ತಿದ್ದರು. ಕರು ಕಳೆದುಕೊಂಡದ್ದು ಎಂದು ಅದರ ಮೇಲೆ ಅಕ್ಕರೆ. ತಿಂದಾದ ಮೇಲೆ ಅದು ಅವರ ಬೆನ್ನು ನೆಕ್ಕುತ್ತಿತ್ತು. ಆ ಕಂಬದ ವಿಭೂತಿಯನ್ನು ಮೂರು ಬೆರಳಲ್ಲಿ ಒರೆಸಿ ಹಣೆಗೆ ಹಚ್ಚಿಕೊಂಡವರೂ ಅವರೇ.

"ಯಾಕ ಹೇಳಲಿಲ್ಲ್ರಿ? ನನಗ ಬ್ಯಾಡ, ನಿಮ್ಮ ಮಗಗರ ಹೇಳಬೇಕಿತ್ತು."

ಅವರು ಬಳೆಯನ್ನು ಮೇಲಕ್ಕೂ ಕೆಳಕ್ಕೂ ಜರುಗಿಸಿದರು. "ಹೇಳಿದ್ರ ಖರೆ ಆಗತಿತ್ತವಾ" ಎಂದರು.

ಯಜಮಾನರು ಬಂದು ವಿಷಯ ಕೇಳಿ ಅಂಗಳದಲ್ಲೇ ಕುಕ್ಕರಿಸಿ ಕುಳಿತರು. ಮರುದಿನ ಗೋಕಾಕದ ಡಾಕ್ಟರು ಗಂಟಲಿಗೆ ಕೈ ಹಚ್ಚಿ ನೋಡಿ ಬೆಳಗಾವಿಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಬಾಯಿಯಿಂದ ನಳಿಗೆ ಇಳಿಸಿ ನೋಡಿದರು. ಅನ್ನ ಇಳಿಯುವ ದಾರಿಯಲ್ಲಿ ಗಡ್ಡೆ. ಕತ್ತರಿಸಿ ತೆಗೆಯುವ ವಯಸ್ಸಲ್ಲ, ಶಕ್ತಿಯೂ ಇಲ್ಲ ಎಂದರು. ದಾರಿ ಮುಚ್ಚದಂತೆ ಒಳಗೆ ಒಂದು ಸಣ್ಣ ಜಾಳಿಗೆಯ ಕೊಳವೆ ಕೂಡಿಸಿ, ಕೆಲವು ದಿನ ಕರೆಂಟು, ಅಂದರೆ ರೇಡಿಯೇಶನ್ನು, ಕೊಡೋಣ ಎಂದರು. ರೋಗದ ಹೆಸರನ್ನು ನಾವು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅತ್ತೆಯೂ ಕೇಳಲಿಲ್ಲ.

ದವಾಖಾನೆಯ ಹಾಸಿಗೆಯ ಮೇಲೆ ಒಂದು ಮಧ್ಯಾಹ್ನ ಅವರಿಗೆ ಬೇಸರ ಬಂದಿತ್ತು. "ದನಾ ಹೆಂಗ ಅದಾವು, ತೋರ್ಸು" ಎಂದರು. ಮೊಬೈಲು ಕೊಟ್ಟೆ. ಕಣ್ಣಿನ ಹತ್ತಿರ ಹಿಡಿದು ನೋಡಿದರು. ಬೂದಿ ಬಣ್ಣದ ಬೆನ್ನುಗಳಲ್ಲಿ ಯಾವುದು ಯಾವುದೆಂದು ಅವರು ಕ್ಷಣದಲ್ಲಿ ಹೇಳಿಬಿಟ್ಟರು, ನನಗಿಂತ ಚೆನ್ನಾಗಿ. ಬೆರಳು ಎಲ್ಲಿ ತಾಗಿತೋ ಏನೋ, ಹಳೆಯ ದಿನದ ಆಕಾರ ಒಂದು ತೆರೆಯಿತು. ಏಳನೆಯ ನಂಬರಿನ ಕತ್ತಿನಡಿ ನಿಂತ ಆ ಸಣ್ಣ ಬೆನ್ನು.

"ಯಾರ ಮನಿ ಕರಾ ಇದು?" ಎಂದರು.

ನಾನು ಮೊಬೈಲಿಗೆ ಕೈ ಚಾಚಿದೆ. ಅವರು ಬಿಡಲಿಲ್ಲ.

"ಭಾಳ ಸೊರಗೇತಿ ನೋಡ. ಎಲುವು ಕಾಣಾಕತ್ತಾವು. ಹಾಲ ಬಿಡವಲ್ಲರೇನು ಅದಕ?"

"ಬಿಡತೇವ್ರಿ ಅತ್ತಿ" ಎಂದು ಮೊಬೈಲು ತಿರುಗಿ ತೆಗೆದುಕೊಂಡೆ. ಅವರು ಕಣ್ಣು ಮುಚ್ಚಿದರು. ಆ ವಾರ್ಡಿನಲ್ಲಿ ಇಪ್ಪತ್ತು ಹಾಸಿಗೆಗಳಿದ್ದವು, ಫ್ಯಾನುಗಳು ತಿರುಗುತ್ತಿದ್ದವು, ಜನ ಮಾತಾಡುತ್ತಿದ್ದರು. ನನಗೆ ಮಾತ್ರ ಎಲ್ಲವೂ ಮೇಲಿನಿಂದ ಕಂಡಂತಾಯಿತು: ಕಪ್ಪು ನೆಲ, ಬೆಳ್ಳಗೆ ಮಲಗಿದ ಆಕಾರಗಳು, ಪ್ರತಿಯೊಂದರ ಬದಿಗೆ ಒಂದು ನಂಬರು. ಎದ್ದು ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಮನೆಗೆ ಬಂದ ಮೇಲೆ ಅವರಿಗೆ ರವೆಯ ಗಂಜಿ, ಹಾಲು, ಸೋಸಿದ ಬೇಳೆಕಟ್ಟು ಇಳಿಯತೊಡಗಿತು. ಅಂಗನವಾಡಿಯ ಮೇಲಿನವರನ್ನು ಕೇಳಿಕೊಂಡು ಮಧ್ಯಾಹ್ನ ಅರ್ಧ ತಾಸು ಮನೆಗೆ ಬಂದು ನಾನೇ ಎದುರು ಕುಳಿತು ಉಣಿಸುತ್ತಿದ್ದೆ. ಒಂದು ಸಣ್ಣ ಬಟ್ಟಲು ಮುಗಿಯುವುದಕ್ಕೆ ಅಷ್ಟೂ ಹೊತ್ತು ಬೇಕಾಗುತ್ತಿತ್ತು. ಮಳೆಗಾಲದಲ್ಲಿ ಎರಡು ಕಿಲೋ ಏರಿದರು. ಚಳಿಗಾಲವನ್ನೂ ಕಳೆದರು, ನನ್ನ ಮಗಳ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡರು. ಮುಂದಿನ ಶ್ರಾವಣದಲ್ಲಿ, ಒಂದು ಮಧ್ಯಾಹ್ನ, ಎರಡು ಚಮಚ ಗಂಜಿ ನುಂಗಿ, ಮೂರನೆಯದಕ್ಕೆ ಬಾಯಿ ತೆರೆಯಲಿಲ್ಲ.

ಅಷ್ಟರಲ್ಲಿ ಪರೀಕ್ಷೆಯ ಅವಧಿ ಮುಗಿದು ಕ್ಯಾಮೆರಾಗಳನ್ನು ಬಿಚ್ಚಿಕೊಂಡು ಹೋಗಿದ್ದರು. ಹದಿನೈದು ಯಾರೆಂದು ಆಗಲೇ ತಿಳಿದಿದ್ದ ಕಾಕಾ ಮಣ್ಣಿಗೆ ಬಂದರು. ಸಮಾಧಿಯ ತಗ್ಗಿನಿಂದ ಸ್ವಲ್ಪ ದೂರ, ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದರು. ಎಲ್ಲ ಮುಗಿದ ಮೇಲೆ ನನ್ನ ಹತ್ತಿರ ಬಂದು ಒಂದು ಸಣ್ಣ ಪೆನ್‌ಡ್ರೈವು ಕೊಟ್ಟರು.

"ಕಂಪನ್ಯಾಗ ಎಲ್ಲಾ ಅಳಿಸ್ತಾರ್ರಿ ಟೀಚರ. ಹದಿನೈದನೇದ್ದಷ್ಟ ತಗದ ಇಟ್ಟಿದ್ನಿ. ಬೇಕಾದ್ರ ಇಟಗೋರಿ, ಬ್ಯಾಡಂದ್ರ ಒಗೀರಿ."

ಅತ್ತೆಯ ಕೊನೆಯ ವರ್ಷಗಳ ಫೋಟೋ ನಮ್ಮ ಹತ್ತಿರ ಒಂದೂ ಇರಲಿಲ್ಲ. ಯಜಮಾನರು ಅದನ್ನು ಮುಟ್ಟಲೇ ಇಲ್ಲ. ಒಂಬತ್ತು ದಿನ ಕಳೆದ ಮೇಲೆ ನಾನು ಅಂಗನವಾಡಿಯ ಕಂಪ್ಯೂಟರಿನಲ್ಲಿ, ಮಕ್ಕಳು ಮನೆಗೆ ಹೋದ ಹೊತ್ತಿಗೆ, ಒಬ್ಬಳೇ ಕುಳಿತು ನೋಡಿದೆ. ಎರಡೂವರೆ ತಿಂಗಳ ಮಧ್ಯಾಹ್ನಗಳು ಒಂದರ ಹಿಂದೊಂದು. ಬರುವುದು, ನಿಲ್ಲುವುದು, ಕೈ ಚಾಚುವುದು, ಆಕಳು ನೆಕ್ಕುವುದು, ತಿರುಗಿ ಹೋಗುವುದು. ಎಲ್ಲ ದಿನವೂ ಅದೇ.

ಯುಗಾದಿಯ ಮರುದಿನದ್ದು ಒಂದು ಬೇರೆಯಾಗಿತ್ತು. ಅಂದು ರೊಟ್ಟಿ ತಿನ್ನಿಸಿದ ಮೇಲೆ ಅವರು ಹೋಗಲಿಲ್ಲ. ಎರಡೂ ಕೈಯಿಂದ ಕಂಬವನ್ನು ಹಿಡಿದುಕೊಂಡರು. ಬಾಗಿದ ಬೆನ್ನನ್ನು ಒಂದು ಬದಿಗೆ ತಿರುಗಿಸಿ, ಕತ್ತನ್ನು ಎಷ್ಟು ಆಗುತ್ತದೋ ಅಷ್ಟು ಮೇಲೆತ್ತಿದರು. ಬೂದಿ ಬಣ್ಣದ ಗುಡ್ಡೆಯೊಳಗಿಂದ ಒಂದು ಮುಖ ಮೂಡಿತು. ಕಣ್ಣಿನ ಕಡೆ ಎರಡು ಕಪ್ಪು ಗುಳಿ, ಮೂಗಿನ ಬೆಳ್ಳನೆಯ ಏಣು, ಬಾಯಿಯ ಕಡೆ ಇನ್ನೊಂದು ಗುಳಿ. ನೇರವಾಗಿ ಕ್ಯಾಮೆರಾವನ್ನೇ ನೋಡುತ್ತಿದ್ದರು. ಬಾಯಿಯ ಆ ಗುಳಿ ಹಿಗ್ಗುತ್ತ ಕುಗ್ಗುತ್ತ ಇತ್ತು. ಎರಡು ಅಥವಾ ಮೂರು ನಿಮಿಷ ಹಾಗೇ ಇದ್ದರು.

ಅವರು ಏನೋ ಹೇಳುತ್ತಿದ್ದರು. ನಾನು ಅದನ್ನು ನಾಲ್ಕು ಸಲ ನೋಡಿದೆ, ತುಟಿ ಓದಲು ಆದೀತೇ ಎಂದು. ತುಟಿ ಇರಲಿಲ್ಲ, ಬರೀ ಆಕಾರ. ಆ ಯಂತ್ರಕ್ಕೆ ಕಿವಿಯೂ ಇರಲಿಲ್ಲ.